ಮೂರು ವಯಸ್ಸಿನ ಮಕ್ಕಳು, ಇತಿಹಾಸಕ್ಕೆ ಒಂದೇ ಪುಸ್ತಕ: ಓದಿ ಹೇಳೋಕೆ ನಾನು ಆರಿಸೋ ರೀತಿ

ಹೋಮ್‌ಸ್ಕೂಲಿಂಗ್, ಅಂದ್ರೆ ಮಕ್ಕಳನ್ನ ಶಾಲೆಗೆ ಕಳಿಸದೆ ಮನೇಲೇ ಕಲಿಸೋದು, ಶುರು ಮಾಡ್ತಿರೋ ಅಪ್ಪ ಅಮ್ಮಂದಿರು ತುಂಬಾ ಜನ ಕೇಳೋ ಪ್ರಶ್ನೆ ಇದು. ಒಂದು ಮಗುಗೆ ಐದು, ಇನ್ನೊಂದಕ್ಕೆ ಒಂಬತ್ತು, ದೊಡ್ಡದಕ್ಕೆ ಹನ್ನೆರಡು, ಹೀಗಿದ್ರೆ ಇತಿಹಾಸನ ಮೂರು ಸಲ ಮೂರು ಪುಸ್ತಕದಿಂದ ಹೇಳಬೇಕಾ ಅಂತ. ಬೇಡ. ಗಣಿತ ಬೇರೆ ಬೇರೆ ಮಾಡಿ, ಬರವಣಿಗೆ ಬೇರೆ ಬೇರೆ ಮಾಡಿ, ಇತಿಹಾಸ ಮಾತ್ರ ಎಲ್ಲರನ್ನೂ ಒಟ್ಟಿಗೆ ಕೂರಿಸ್ಕೊಂಡು ಒಂದೇ ಪುಸ್ತಕ ಗಟ್ಟಿಯಾಗಿ ಓದಿ. ನಮ್ಮನೇಲಿ ಹಾಗೇ ನಡೀತಿರೋದು, ಇಡೀ ದಿನದಲ್ಲಿ ಮೂರು ಜನಾನೂ ಒಂದೇ ವಿಷಯ ಇಟ್ಕೊಂಡು ಮಾತಾಡೋದು, ಜಗಳ ಆಡೋದು ಆ ಹೊತ್ತಲ್ಲಿ ಮಾತ್ರ.

ಇದು ಸಾಧ್ಯ ಆಗೋದು ಯಾಕೆ ಅಂದ್ರೆ ಮಕ್ಕಳು ಓದೋ ಮಟ್ಟ ಬೇರೆ, ಕೇಳಿ ಅರ್ಥ ಮಾಡ್ಕೊಳ್ಳೋ ಮಟ್ಟ ಬೇರೆ. ಅಕ್ಷರ ಕೂಡಿಸಿ ಓದ್ತಿರೋ ಮಗು ಕೂಡ ಕೇಳೋಕೆ ಕೂತ್ರೆ ಎಷ್ಟೋ ದೊಡ್ಡ ಕಥೆ ಹಿಡಿದುಬಿಡತ್ತೆ. ಅದಕ್ಕೇ ಪುಸ್ತಕದ ಹಿಂದೆ "8ರಿಂದ 10 ವರ್ಷದವರಿಗೆ" ಅಂತ ಹಾಕಿರ್ತಾರಲ್ಲ, ಅದನ್ನ ನಾನು ಜಾಸ್ತಿ ತಲೆಗೆ ಹಚ್ಕೊಳ್ಳಲ್ಲ, ಅದು ಮಗು ಒಂದೇ ಕೂತು ಓದಿದ್ರೆ ಅನ್ನೋ ಲೆಕ್ಕ. ನನ್ನ ಲೆಕ್ಕ ಬೇರೆ: ಭಾಷೆ, ವಿಚಾರದ ಭಾರ ದೊಡ್ಡವನಿಗೆ ಸರಿ ಹೋಗೋ ಹಾಗಿರಬೇಕು, ಅದರಲ್ಲಿರೋ ಹಿಂಸೆ ನೋವು ಮಾತ್ರ ಚಿಕ್ಕವನು ತಡ್ಕೊಳ್ಳೋ ಅಷ್ಟೇ ಇರಬೇಕು. ಪದ ಅರ್ಥ ಆಗದಿದ್ರೆ ಚಿಕ್ಕವನಿಗೆ ಏನೂ ನಷ್ಟ ಇಲ್ಲ, ಅವನು ಅದನ್ನ ಬಿಟ್ಟು ಮುಂದಕ್ಕೆ ಬರ್ತಾನೆ. ಆದ್ರೆ ಒಂದು ಕ್ರೂರ ದೃಶ್ಯ ಅವನ ತಲೇಲಿ ಕೂತ್ರೆ ರಾತ್ರಿ ನಿದ್ದೇಲಿ ಎದ್ದು ಕೂರೋನು ಅವನೇ. ಹಂಗಂತ ಸುಲಭದ ಪುಸ್ತಕಾನೇ ಹುಡುಕ್ತಾ ಹೋದ್ರೆ ದೊಡ್ಡವನು ಎರಡನೇ ದಿನಕ್ಕೇ ಎದ್ದು ಹೋಗ್ತಾನೆ, ಅವನು ಎದ್ದು ಹೋದ್ಮೇಲೆ ಉಳಿದವರೂ ಕೂರಲ್ಲ.

ಒಂದು ಉದಾಹರಣೆ ಹೇಳ್ತೀನಿ, ಕಳಿಂಗ ಯುದ್ಧ. ಮಕ್ಕಳ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಅಶೋಕ ರಣರಂಗದಲ್ಲಿ ನಿಂತು ಹೆಣಗಳನ್ನ ನೋಡಿ ಕತ್ತಿ ಬಿಸಾಕೋ ದೃಶ್ಯ ಇರತ್ತೆ, ಚಿತ್ರ ಸಮೇತ. ಆ ಕತ್ತಿ ಬಿಸಾಕೋದು ಶಾಸನದಲ್ಲಿಲ್ಲ. ಅವನ 13ನೇ ಬಂಡೆ ಶಾಸನದಲ್ಲಿ ಇರೋದು ಅದಕ್ಕಿಂತ ನೇರವಾಗಿದೆ: ಪಟ್ಟ ಆಗಿ ಎಂಟು ವರ್ಷ ಆದ್ಮೇಲೆ ಕಳಿಂಗ ಗೆದ್ದೆ, ಒಂದೂವರೆ ಲಕ್ಷ ಜನರನ್ನ ಅಲ್ಲಿಂದ ಸಾಗಿಸಲಾಯ್ತು, ಒಂದು ಲಕ್ಷ ಜನ ಕೊಲೆಯಾದ್ರು, ಅದರ ಎಷ್ಟೋ ಪಟ್ಟು ಜನ ಸತ್ರು, ಇದರಿಂದ ನನಗೆ ಪಶ್ಚಾತ್ತಾಪ ಆಗಿದೆ ಅಂತ ರಾಜನೇ ಹೇಳ್ಕೊಂಡಿದ್ದಾನೆ. ಶಾಸನದ ಮಾತನ್ನೇ ಇಟ್ಕೊಂಡಿರೋ ಪುಸ್ತಕ ಸಿಕ್ರೆ ನಾನು ಕಣ್ಣು ಮುಚ್ಕೊಂಡು ಅದನ್ನೇ ಆರಿಸ್ತೀನಿ. ಅದರಲ್ಲಿ ರಕ್ತ ಹರಿಯೋ ವರ್ಣನೆ ಇಲ್ಲ ಆದ್ರೆ ಸತ್ಯ ಪೂರ್ತಿ ಇದೆ, ಮೂರೂ ಮಕ್ಕಳಿಗೆ ಅವರವರಿಗೆ ಬೇಕಾದ್ದು ಸಿಗತ್ತೆ. ಐದು ವರ್ಷದವನಿಗೆ, ಒಬ್ಬ ರಾಜ ತಪ್ಪು ಮಾಡಿದ, ಅದನ್ನ ಕಲ್ಲಲ್ಲಿ ಬರೆಸಿದ, ಅಷ್ಟು ಸಾಕು. ಒಂಬತ್ತರವಳು ಕೇಳೋದು, ಸಾಗಿಸಿದ್ರು ಅಂದ್ರೆ ಎಲ್ಲಿಗೆ, ಮಕ್ಕಳನ್ನೂ ಕರ್ಕೊಂಡು ಹೋದ್ರಾ ಅಂತ. ದೊಡ್ಡವನಿಗೆ ನಾನು ಇನ್ನೊಂದು ವಿಷಯ ಸೇರಿಸಿ ಹೇಳ್ತೀನಿ: ಧೌಲಿ ಮತ್ತು ಜೌಗಡ ಇರೋದು ಕಳಿಂಗದಲ್ಲೇ, ಅಲ್ಲೂ ಅಶೋಕನ ಶಾಸನಗಳಿವೆ, ಆದ್ರೆ ಈ 13ನೇ ಶಾಸನ ಅಲ್ಲಿ ಕೆತ್ತಿಸಿಲ್ಲ, 11, 12ನೇದೂ ಇಲ್ಲ. ಅವುಗಳ ಜಾಗದಲ್ಲಿ ಬೇರೆ ಎರಡು ಶಾಸನ ಇವೆ, ಎಲ್ಲಾ ಮನುಷ್ಯರೂ ನನ್ನ ಮಕ್ಕಳು, ಜನರನ್ನ ಸುಮ್ಮಸುಮ್ಮನೆ ಸೆರೆಗೆ ಹಾಕಬೇಡಿ ಅಂತ ಅಧಿಕಾರಿಗಳಿಗೆ ಹೇಳೋವು. ಯಾಕೆ ಹಾಗೆ ಮಾಡಿರಬಹುದು? ಸೋತವರ ಊರಲ್ಲೇ ಸೋಲಿನ ಲೆಕ್ಕ ಬರೆಸೋದು ಬೇಡ ಅನ್ನಿಸ್ತಾ, ಇಲ್ಲಾ ಆಡಳಿತದ ಜಾಣತನಾನಾ? ಹನ್ನೆರಡು ವರ್ಷದ ಹುಡುಗ ಇದನ್ನ ಊಟದ ಹೊತ್ತಲ್ಲೂ ಬಿಡಲ್ಲ.

ಪುಸ್ತಕ ಕೈಗೆ ಬಂದ ತಕ್ಷಣ ನಾನು ಮಾಡೋ ಕೆಲಸ, ಮಧ್ಯದ ಯಾವುದಾದ್ರೂ ಪುಟ ತೆಗೆದು ಬಾಯಿಬಿಟ್ಟು ಓದಿ ನೋಡೋದು. ಮನಸ್ಸಲ್ಲೇ ಓದಿದ್ರೆ ಗೊತ್ತಾಗಲ್ಲ. ಉಸಿರು ಸಾಲ್ತಾ ಇದೆಯಾ, ಒಂದು ವಾಕ್ಯ ಮುಗಿಯೋ ಹೊತ್ತಿಗೆ ಶುರು ಏನಿತ್ತು ಅನ್ನೋದು ಕೇಳೋರಿಗೆ ನೆನಪಿರತ್ತಾ, ಒಂದೇ ಪುಟದಲ್ಲಿ ಏಳೆಂಟು ರಾಜರ ಹೆಸರು ಬರತ್ತಾ. ಆಳಿದನು, ಗೆದ್ದನು, ಕಟ್ಟಿಸಿದನು, ತೀರಿಕೊಂಡನು ಅಂತ ಸಾಲಾಗಿ ಹೋಗೋ ಪುಸ್ತಕಗಳು ಇಲ್ಲೇ ಬಿದ್ದು ಹೋಗತ್ತೆ. ಅವುಗಳಲ್ಲಿ ತಪ್ಪು ಮಾಹಿತಿ ಇದೆ ಅಂತಲ್ಲ, ಕಿವಿಗೆ ಹಿಡ್ಕೊಳ್ಳೋಕೆ ಅಲ್ಲಿ ಏನೂ ಇರಲ್ಲ ಅಷ್ಟೇ. ಒಬ್ಬ ಮನುಷ್ಯ ಬೆಳಿಗ್ಗೆ ಎದ್ದು ಏನು ಮಾಡ್ತಿದ್ದ, ನೀರು ಎಲ್ಲಿಂದ ತರ್ತಿದ್ದ, ರಾತ್ರಿ ದೀಪಕ್ಕೆ ಏನು ಸುಡ್ತಿದ್ದ, ಯಾರಿಗೆ ಹೆದರ್ತಿದ್ದ ಅನ್ನೋದು ಇದ್ರೆ ಚಿಕ್ಕವನೂ ಕೂರ್ತಾನೆ. ಅಧ್ಯಾಯ ಹದಿನೈದು ಇಪ್ಪತ್ತು ನಿಮಿಷಕ್ಕೆ ಮುಗಿಯೋ ಹಾಗಿದ್ರೆ ಒಳ್ಳೇದು.

ಕಾಮಿಕ್ಸ್ ಬಗ್ಗೆ ಒಂದು ಮಾತು. 1967ರಲ್ಲಿ ಅನಂತ್ ಪೈ ಶುರು ಮಾಡಿದ ಅಮರ ಚಿತ್ರ ಕಥೆ ಓದ್ಕೊಂಡು ಬೆಳೆದ ನಮಗೆಲ್ಲ ಅದರ ಮೇಲೆ ತುಂಬಾ ಪ್ರೀತಿ, ನಮ್ಮ ಮಕ್ಕಳೂ ಓದ್ತಾರೆ. ಆದ್ರೆ ಅದು ಗಟ್ಟಿಯಾಗಿ ಓದಿ ಹೇಳೋಕೆ ಆಗೋದಲ್ಲ, ಚಿತ್ರ ಕಾಣದೆ ಬರೀ ಗುಳ್ಳೆ ಒಳಗಿನ ಮಾತು ಕೇಳಿದ್ರೆ ಕಥೆ ಎಲ್ಲೂ ನಿಲ್ಲಲ್ಲ. ಅದನ್ನ ಅವರವರೇ ಓದ್ಕೊಳ್ಳೋಕೆ ಬಿಡಿ.

ಕಿವಿಗೆ ತುಂಬಾ ಚೆನ್ನಾಗಿ ಹೋಗೋದು ಅಂದ್ರೆ ಯಾರೋ ಒಬ್ಬರು ಒಂದು ಮಗುವಿಗೆ ನೇರವಾಗಿ ಹೇಳ್ತಿರೋ ಹಾಗೆ ಬರೆದ ಪುಸ್ತಕಗಳು. ನೆಹರೂ 1928ರ ಬೇಸಿಗೇಲಿ ಮಸ್ಸೂರಿಯಲ್ಲಿದ್ದ ಹತ್ತು ವರ್ಷದ ಮಗಳಿಗೆ ಬರೆದ 30 ಪತ್ರಗಳು, ಮುಂದಿನ ವರ್ಷ ಪುಸ್ತಕ ಆಗಿದ್ದು, ಅದನ್ನ ತಗೊಳ್ಳಿ. ಮೊದಲ ಪತ್ರದಲ್ಲೇ ಒಂದು ಉರುಟು ಕಲ್ಲು ಬರತ್ತೆ. ಅದು ಒಂದು ಕಾಲದಲ್ಲಿ ಚೂಪು ಅಂಚಿನ ಬಂಡೆ ಚೂರಾಗಿತ್ತು, ನೀರು ಉರುಳಿಸಿ ಉರುಳಿಸಿ ನುಣುಪು ಮಾಡ್ತು, ಕಲ್ಲನ್ನೂ ಪುಸ್ತಕದ ಹಾಗೆ ಓದೋಕೆ ಬರತ್ತೆ ಅಂತಾರೆ. ಇದನ್ನ ಓದಿದ ದಿನ ಚಿಕ್ಕವನು ಹೊರಗಿಂದ ಒಂದು ಮುಷ್ಟಿ ಕಲ್ಲು ತಂದು ಸಾಲಾಗಿ ಇಟ್ಟು, ಯಾವುದು ಜಾಸ್ತಿ ದೂರ ಉರುಳಿರೋದು ಅಂತ ಜೋಡಿಸ್ತಾ ಕೂತಿದ್ದ. ಆ ಪತ್ರಗಳಲ್ಲಿ ಕೆಲವು ವಿಷಯ ಹಳೇದಾಗಿದೆ, ಅದು ನಿಜ. ಸಿಂಧೂ ಕಣಿವೆ ನಾಗರಿಕತೆ ಪತ್ತೆ ಆಗಿರೋ ಸುದ್ದಿ ಜಗತ್ತಿಗೆ ಗೊತ್ತಾಗಿದ್ದೇ 1924ರಲ್ಲಿ, ಜನಾಂಗಗಳ ಬಗ್ಗೆ ಆಗ ಇದ್ದ ತಿಳುವಳಿಕೇನೇ ಬೇರೆ. ಅಂಥ ಕಡೆ ನಿಲ್ಲಿಸಿ, ಇದು ಆಗ ಗೊತ್ತಿದ್ದಷ್ಟು, ಈಗ ಗೊತ್ತಿರೋದು ಇದು ಅಂತ ಹೇಳಿ ಮುಂದೆ ಹೋಗ್ತೀನಿ. ಇತಿಹಾಸ ಬದಲಾಗೋದು ಹೇಗೆ ಅಂತ ಮಕ್ಕಳಿಗೆ ಇದಕ್ಕಿಂತ ಚೆನ್ನಾಗಿ ತೋರ್ಸೋಕೆ ಬರಲ್ಲ. ಆಮೇಲೆ ಜೈಲಿಂದ ಬರೆದ ಇನ್ನೂ ದೊಡ್ಡ ಪತ್ರಮಾಲೆ ಇದೆಯಲ್ಲ, 1930ರಿಂದ 33ರವರೆಗಿನದು, ಅದು ದೊಡ್ಡವನು ಹದಿನಾಲ್ಕು ದಾಟಲಿ ಅಂತ ಇಟ್ಟಿದ್ದೀನಿ.

ಇದೇ ಜಾತಿಯ ಇನ್ನೊಂದು ಪುಸ್ತಕ ಕಲಾ ಇತಿಹಾಸಕಾರ ಗೊಂಬ್ರಿಕ್ ಅವರದ್ದು, ಜಗತ್ತಿನ ಪುಟ್ಟ ಇತಿಹಾಸ, ವಿಯೆನ್ನಾದಲ್ಲಿ ತಮ್ಮ ಇಪ್ಪತ್ತರ ಹರೆಯದಲ್ಲಿ ಆರು ವಾರದಲ್ಲಿ ಬರೆದಿದ್ದು. ಶಾಂತಿಯ ಪರ ಜಾಸ್ತಿ ಇದೆ ಅಂತ ನಾಜಿಗಳು ಅದನ್ನ ನಿಷೇಧ ಮಾಡಿದ್ರು, ಇಂಗ್ಲಿಷಿಗೆ ಬಂದಿದ್ದು 2005ರಲ್ಲಿ, ಅಷ್ಟೊತ್ತಿಗೆ ಅವರು ತೀರಿಕೊಂಡಿದ್ರು. ಶುರುವಲ್ಲೇ ತಳ ಕಾಣದ ಬಾವಿಗೆ ಉರಿಯೋ ಕಾಗದದ ಚೂರು ಹಾಕೋದು ಬರತ್ತೆ, ಅದು ಕೆಳಗೆ ಹೋಗ್ತಾ ಹೋಗ್ತಾ ಬಾವಿಯ ಗೋಡೆ ಬೆಳಗತ್ತೆ, ನೆನಪು ಹಿಂದಿನ ಕಾಲವನ್ನ ಬೆಳಗೋದು ಹಂಗೇ ಅಂತ. ಮೂರೂ ಜನ ಬಾಯಿ ತೆರ್ಕೊಂಡು ಕೇಳಿದ್ರು. ಕೊರತೆ ಏನಂದ್ರೆ ಕಥೆಯ ಬಹುಪಾಲು ಯುರೋಪಿನದೇ, ಭಾರತ ಚೀನಾ ಬಂದು ಬೇಗ ಹೋಗಿಬಿಡತ್ತೆ, ಆಫ್ರಿಕಾ ಅಂತೂ ಈಜಿಪ್ಟ್ ಬಿಟ್ರೆ ಹೆಚ್ಚುಕಮ್ಮಿ ಇಲ್ಲ. ಹಾಗಾಗಿ ಅದೊಂದೇ ಓದಿ ಜಗತ್ತಿನ ಇತಿಹಾಸ ಮುಗೀತು ಅಂದ್ಕೊಳ್ಳಬೇಡಿ, ನಡುನಡುವೆ ಬೇರೆ ಪುಸ್ತಕ ಸೇರಿಸ್ಲೇಬೇಕು.

ಕಾದಂಬರಿ ಓದಿದ್ರೆ ಅದು ಇತಿಹಾಸ ಹೇಗಾಗತ್ತೆ ಅಂತ ಕೆಲವರು ಕೇಳ್ತಾರೆ. ಆಗತ್ತೆ, ಒಂದು ಷರತ್ತಿದೆ. ಕೊನೇಲಿ ಯಾವುದು ನಡೆದಿದ್ದು, ಯಾವುದು ಕಟ್ಟಿದ್ದು ಅಂತ ಲೇಖಕರೇ ಬಿಡಿಸಿ ಹೇಳಿರಬೇಕು. ಲೋಯಿಸ್ ಲೌರಿ ಅವರ ನಂಬರ್ ದ ಸ್ಟಾರ್ಸ್ ನನಗೆ ಇಷ್ಟ ಆಗೋದು ಅದಕ್ಕೇ. 1989ರ ಪುಸ್ತಕ, 1943ರಲ್ಲಿ ಡೆನ್ಮಾರ್ಕಿನ ಜನ ಏಳು ಸಾವಿರದಷ್ಟು ಯಹೂದಿಗಳನ್ನ ನಾಜಿಗಳಿಂದ ಉಳಿಸಿ ಮೀನುಗಾರರ ದೋಣಿಗಳಲ್ಲಿ ಸ್ವೀಡನ್ನಿಗೆ ದಾಟಿಸಿದ ಕಥೆ, ಹತ್ತು ವರ್ಷದ ಹುಡುಗಿಯ ಕಣ್ಣಿಂದ. ಹುಡುಗಿ ಕಲ್ಪನೆಯವಳು. ಅದರಲ್ಲಿ ಒಂದು ಕರವಸ್ತ್ರ ಬರತ್ತೆ, ಸೈನಿಕರ ನಾಯಿಗಳು ಮೂಸಿದ್ರೆ ಸ್ವಲ್ಪ ಹೊತ್ತು ವಾಸನೆ ಹಿಡಿಯೋ ಶಕ್ತೀನೇ ಕಳ್ಕೊಳ್ಳೋ ಹಾಗೆ ಒಣಗಿದ ರಕ್ತ, ಕೊಕೇನ್ ಸೇರಿಸಿ ತಯಾರು ಮಾಡಿದ್ದು. ಇದು ಲೇಖಕಿ ಕಟ್ಟಿದ್ದೇ ಇರಬೇಕು ಅಂತ ದೊಡ್ಡವನು ವಾದ ಮಾಡ್ತಿದ್ದ, ಕೊನೆಯ ಟಿಪ್ಪಣಿ ಓದಿದ್ರೆ ಅದೇ ನಿಜವಾಗಿದ್ದು! ಈಗ ಯಾವ ಐತಿಹಾಸಿಕ ಕಾದಂಬರಿ ತಂದ್ರೂ ಅವನು ಮೊದಲು ಹಿಂದಿನ ಪುಟ ತಿರುವಿ ಟಿಪ್ಪಣಿ ಇದೆಯಾ ನೋಡ್ತಾನೆ. ಭಯದ ಮಟ್ಟಾನೂ ಅದರಲ್ಲಿ ಸರಿಯಾಗಿದೆ, ಬಾಗಿಲು ತಟ್ಟೋ ಸೈನಿಕರು ಇದ್ದಾರೆ, ಶಿಬಿರದ ಒಳಗಿನ ದೃಶ್ಯ ಇಲ್ಲ. ಐದರವನಿಗೆ ಮಾತ್ರ ಅದು ಬೇಡ, ಅವನು ಮಲಗಿದ್ಮೇಲೆ ಓದಿದ್ವಿ.

ಒಟ್ಟಿಗೆ ಓದೋದು ಅಂದ್ರೆ ಎಲ್ಲವನ್ನೂ ಒಟ್ಟಿಗೇ ಅಂತಲ್ಲ. ಆನ್ ಫ್ರಾಂಕ್ ಡೈರಿ ನಾನು ಗಟ್ಟಿಯಾಗಿ ಓದಲ್ಲ. 13ನೇ ಹುಟ್ಟುಹಬ್ಬಕ್ಕೆ ಸಿಕ್ಕ ಡೈರೀಲಿ ನಾಜಿಗಳಿಂದ ಬಚ್ಚಿಟ್ಕೊಂಡಿದ್ದ ಒಬ್ಬ ಯಹೂದಿ ಹುಡುಗಿ ತನಗೇ ಅಂತ ಬರ್ಕೊಂಡಿದ್ದು ಅದು, ಅಮ್ಮನ ಮೇಲಿನ ಸಿಟ್ಟು, ಮೈ ಬದಲಾಗೋದು, ಎಲ್ಲ ಇದೆ. ಅದನ್ನ ತಮ್ಮ ತಂಗಿ ಎದುರು ಕೂತು ಕೇಳೋದಕ್ಕಿಂತ ಅದೇ ವಯಸ್ಸಿಗೆ ಬಂದಾಗ ಒಬ್ಬರೇ ಓದೋದು ಎಷ್ಟೋ ವಾಸಿ. ಓದಿದ್ಮೇಲೆ ಮಾತಾಡೋಕೆ ನಾವಿದ್ರೆ ಆಯ್ತು.

ಹಳೇ ಪುಸ್ತಕಗಳಲ್ಲಿರೋ ಪೂರ್ವಾಗ್ರಹದ ವಿಷಯ ಸ್ವಲ್ಪ ಕಷ್ಟದ್ದು. ಅಮೆರಿಕದ ಲೇಖಕಿ ಲಾರಾ ಇಂಗಲ್ಸ್ ವೈಲ್ಡರ್ ಅವರ 1935ರ ಹುಲ್ಲುಗಾವಲಿನ ಮನೆ ಪುಸ್ತಕಾನೇ ನೋಡಿ, ಹೋಮ್‌ಸ್ಕೂಲ್ ಲಿಸ್ಟುಗಳಲ್ಲಿ ಮತ್ತೆ ಮತ್ತೆ ಬರೋದು. ಮನೆ ಕಟ್ಟೋದು, ಬಾವಿ ತೋಡೋದು, ಇದನ್ನೆಲ್ಲ ಅಷ್ಟು ಚೆನ್ನಾಗಿ ಬರೆದಿರೋರು ಕಮ್ಮಿ. ಆದ್ರೆ ಮೊದಲ ಮುದ್ರಣದಲ್ಲಿ ಅಲ್ಲಿ ಜನರೇ ಇರಲಿಲ್ಲ, ಬರೀ ಇಂಡಿಯನ್ನರಿದ್ರು (ಅಂದ್ರೆ ಅಮೆರಿಕದ ಮೂಲನಿವಾಸಿಗಳು) ಅನ್ನೋ ಅರ್ಥದ ಸಾಲಿತ್ತು. ಓದುಗರೊಬ್ಬರು ಪ್ರಕಾಶಕರಿಗೆ ಬರೆದ್ಮೇಲೆ 1953ರಲ್ಲಿ ಅದನ್ನ ತಿದ್ದಿ, ಜನರು ಅನ್ನೋ ಕಡೆ ವಲಸೆ ಬಂದು ನೆಲೆಸಿದವರು ಅಂತ ಹಾಕಿದ್ರು. ಒಂದು ಪದ ತಿದ್ದಿದ್ರು, ಮೂಲನಿವಾಸಿಗಳ ಬಗ್ಗೆ ಅದರಲ್ಲಿರೋ ಭಯ, ತಾತ್ಸಾರದ ಮಾತುಗಳು ಹಾಗೇ ಉಳಿದ್ವು. ಇಂಥದ್ದನ್ನ ಚಿಕ್ಕವರಿಗೆ ಓದಿ ಹೇಳೋಕೆ ನನಗೆ ಮನಸ್ಸಿಲ್ಲ, ಐದು ವರ್ಷದ ಮಗು ಪುಸ್ತಕದಲ್ಲಿ ಕೇಳಿದ್ದನ್ನ ಹಾಗೇ ನಂಬತ್ತೆ. ಹನ್ನೆರಡರವನ ಜೊತೆ ಓದಬಹುದು, ಅದೂ ಆ ಜಾಗ ಒಸೇಜ್ ಅನ್ನೋ ಮೂಲನಿವಾಸಿ ಜನರದ್ದಾಗಿತ್ತು, ಲಾರಾ ಕುಟುಂಬ ಬಂದು ಕೂತಿದ್ದು ಅವರ ಜಮೀನಲ್ಲಿ ಅಂತ ಮೊದಲೇ ಹೇಳಿ. ಓದುವಾಗ ಕೆಟ್ಟ ಸಾಲನ್ನ ಮೆಲ್ಲಗೆ ಹಾರಿಸಿಬಿಡೋದು ನನಗೆ ಸರಿ ಕಾಣಲ್ಲ. ಒಂದೋ ನಿಲ್ಲಿಸಿ ಮಾತಾಡಬೇಕು, ಇಲ್ಲಾ ಆ ಪುಸ್ತಕ ಇನ್ನೊಂದೆರಡು ವರ್ಷ ಕಪಾಟಲ್ಲಿರಲಿ.

ಇಸವಿ ವಿಷಯ. ಐದು ವರ್ಷದವನಿಗೆ ನೂರು ವರ್ಷಾನೂ ಸಾವಿರ ವರ್ಷಾನೂ ಒಂದೇ. ಅದಕ್ಕೆ ನಾವು ದಾರಕ್ಕೆ ಮಣಿ ಪೋಣಿಸಿಟ್ಟಿದ್ದೀವಿ, ಒಂದು ಮಣಿ ಅಂದ್ರೆ 25 ವರ್ಷ, ಅಂದ್ರೆ ಹೆಚ್ಚುಕಮ್ಮಿ ಒಂದು ತಲೆಮಾರು, ಒಬ್ಬ ಅಮ್ಮ. 1943ರ ಡೆನ್ಮಾರ್ಕ್ ಮೂರು ಮಣಿ ಹಿಂದೆ, ಕಳಿಂಗ ಯುದ್ಧ ಸುಮಾರು 90 ಮಣಿ ಹಿಂದೆ. ಅವನು ಬೆರಳಲ್ಲಿ ಒಂದೊಂದೇ ಮಣಿ ಸರಿಸ್ತಾ ಅಮ್ಮನ ಅಮ್ಮ, ಅವಳ ಅಮ್ಮ ಅಂತ ಎಣಿಸ್ಕೊಂಡು ಹೋಗ್ತಾನೆ, ಮಧ್ಯದಲ್ಲಿ ಸುಸ್ತಾಗಿ ಬಿಡ್ತಾನೆ, ಆ ಸುಸ್ತಲ್ಲೇ ಅವನಿಗೆ ಅಶೋಕ ಎಷ್ಟು ದೂರ ಅಂತ ಗೊತ್ತಾಗಿದ್ದು. ಇದೊಂದಿದ್ರೆ ಪುಸ್ತಕಗಳನ್ನ ಕಾಲಕ್ರಮದಲ್ಲೇ ಓದಬೇಕು ಅನ್ನೋ ಹಠ ಬೇಕಿಲ್ಲ, ಯಾವುದು ಚೆನ್ನಾಗಿದೆಯೋ ಅದನ್ನ ಓದಿ ದಾರದಲ್ಲಿ ಜಾಗ ತೋರ್ಸಿದ್ರೆ ಸಾಕು.

ಕೇಳ್ತಾ ಕೂರುವಾಗ ಕೈ ಖಾಲಿ ಇರೋದು ಬೇಡ. ಬಣ್ಣ ಹಾಕಲಿ, ಮಣ್ಣಲ್ಲಿ ಏನಾದ್ರೂ ಮಾಡಲಿ, ಹೆಣಿಗೆ ಹಾಕಲಿ. ನಡುವಿನವಳು ಗೀಚ್ತಾನೇ ಇರ್ತಾಳೆ, ಕೇಳ್ತಿಲ್ಲ ಅಂದ್ಕೊಂಡ್ರೆ ಆಮೇಲೆ ಎಲ್ಲಾ ವಿವರಾನೂ ಅವಳೇ ಹೇಳೋದು. ಪಾಠದ ಪ್ರಶ್ನೆ ಮಾತ್ರ ಕೇಳಬೇಡಿ ದಯವಿಟ್ಟು, ಯಾವ ಇಸವಿ, ಯಾವ ರಾಜ ಅಂತ ಪರೀಕ್ಷೆ ಮಾಡೋಕೆ ಹೊರಟ್ರೆ ಮಾರನೇ ದಿನದಿಂದ ಮಕ್ಕಳು ಕಥೆ ಕೇಳೋದು ಬಿಟ್ಟು ಉತ್ತರ ಹುಡುಕೋಕೆ ಶುರು ಮಾಡ್ತಾರೆ.

ಮೂರು ಅಧ್ಯಾಯ ಓದಿದ್ಮೇಲೂ ಯಾರೂ "ಇನ್ನೊಂದು ಓದಮ್ಮಾ" ಅನ್ನದಿದ್ರೆ ಆ ಪುಸ್ತಕ ನಾನು ನಿಲ್ಲಿಸ್ತೀನಿ, ಎಷ್ಟೇ ಪ್ರಶಸ್ತಿ ಬಂದಿದ್ರೂ ಸರಿ. ಮತ್ತೆ ಯುದ್ಧ, ಸಾವು ಇರೋ ಪುಸ್ತಕಗಳನ್ನ ಬೆಳಿಗ್ಗೆಗೇ ಇಟ್ಕೊಂಡಿದ್ದೀನಿ, ಓದಿದ್ಮೇಲೆ ಹೊರಗೆ ಓಡಾಡೋಕೆ, ಕೇಳೋಕೆ, ಅಳಬೇಕು ಅನ್ನಿಸಿದ್ರೆ ಅಳೋಕೆ ಇಡೀ ದಿನ ಇರತ್ತೆ. ರಾತ್ರಿಗೆ ಪ್ರಯಾಣಿಕರ ಕಥೆ, ಕಂಡುಹಿಡಿದವರ ಕಥೆ. ಈ ವಾರ ಅಶೋಕನ ಬಹುಪಾಲು ಶಾಸನಗಳಿರೋ ಬ್ರಾಹ್ಮಿ ಲಿಪಿ ಓದೋದನ್ನೇ ಜನ ಮರೆತುಬಿಟ್ಟಿದ್ದು, 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಅನ್ನೋ ಇಂಗ್ಲಿಷ್ ವಿದ್ವಾಂಸ ಅದನ್ನ ಬಿಡಿಸಿದ್ದು ನಡೀತಿದೆ, ದೊಡ್ಡವನೂ ನಡುವಿನವಳೂ ಸೇರ್ಕೊಂಡು ಬ್ರಾಹ್ಮಿ ಅಕ್ಷರದಲ್ಲಿ ಒಬ್ಬರಿಗೊಬ್ಬರು ಗುಟ್ಟಿನ ಚೀಟಿ ಬರೀತಿದ್ದಾರೆ, ಚಿಕ್ಕವನಿಗೆ ತನ್ನ ಹೆಸರಿನ ಮೊದಲ ಅಕ್ಷರ ಬಂದಿದೆ.