ಅಪ್ಪ ನೀರು ತಿರುಗಿಸುತ್ತಿದ್ದ ಜಾಗ

ಅಪ್ಪ ರಸ್ತೆ ಗ್ಯಾಂಗಿನಲ್ಲಿ ಕೆಲಸಕ್ಕಿದ್ದರು. ನಮ್ಮ ಸಕಲೇಶಪುರ ತಾಲ್ಲೂಕಿನ ವಣಗೂರು ಕೂಡುರಸ್ತೆಯಿಂದ ಬಿಸಿಲೆ ಕಡೆಗೆ ಹೋಗುವ ದಾರಿಯಲ್ಲಿ ಒಂದಷ್ಟು ಮೈಲಿ ಅವರ ಪಾಲಿಗೆ. ಬೇಸಿಗೆಯಲ್ಲಿ ಗುಂಡಿ ಮುಚ್ಚುವುದು, ಅಂಚಿನ ಪೊದೆ ಸವರುವುದು. ಮುಂಗಾರು ಹಿಡಿದ ಮೇಲೆ ಮೂರು ತಿಂಗಳು ಚರಂಡಿ ಬಿಡಿಸುವುದೊಂದೇ ಕೆಲಸ. ಕಂಬಳಿ ಕೊಪ್ಪೆ ಹಾಕಿಕೊಂಡು, ಗುದ್ದಲಿ ಹೆಗಲಿಗಿಟ್ಟು, ಬಾಳೆಲೆಯಲ್ಲಿ ಕಟ್ಟಿದ ಅಕ್ಕಿರೊಟ್ಟಿ ಹಿಡಿದು ಬೆಳಗಾಗುತ್ತಲೇ ಹೊರಡುತ್ತಿದ್ದರು. ಸಂಜೆ ಬರುವಾಗ ಮೊಣಕಾಲಿನವರೆಗೂ ಜಿಗಣೆ ಕಚ್ಚಿದ ಗುರುತು. ಅವ್ವ ಒಲೆ ಮುಂದೆ ಕೂರಿಸಿ ಸುಣ್ಣ, ಹೊಗೆಸೊಪ್ಪು ತಿಕ್ಕುತ್ತಿದ್ದಳು.

ಮಳೆ ಜೋರೆಂದು ಶಾಲೆಗೆ ರಜೆ ಕೊಟ್ಟಿದ್ದ ಒಂದು ದಿನ ನಾನೂ ಅವರ ಹಿಂದೆ ಹೋದೆ. ಆಗ ನನಗೆ ಹತ್ತೋ ಹನ್ನೊಂದೋ ವರ್ಷ. ಮಂಕನಹಳ್ಳಿ ಹತ್ತಿರ ರಸ್ತೆ ದಿಣ್ಣೆ ಏರಿ ಆಚೆಗೆ ಇಳಿಯುತ್ತದೆ. ಅಲ್ಲಿ ಚರಂಡಿಗೆ ಎಲೆ, ಕಡ್ಡಿ, ಕೆಂಪು ಮಣ್ಣು ಎಲ್ಲ ಸೇರಿ ನೀರು ರಸ್ತೆ ಮೇಲೆ ಹರಡಿಕೊಂಡು ನಿಂತಿತ್ತು. ಅಪ್ಪ ಗುದ್ದಲಿ ಊರಿ, "ಇಲ್ನೋಡು ಮಗ, ಈ ಕಸನ ಹಿಂಗೆ ಎಳದ್ರೆ ನೀರು ಮಂಗ್ಳೂರಿಗೆ ಹೋಯ್ತದೆ. ಹಂಗೆ ಎಳದ್ರೆ ಕನ್ನಂಬಾಡಿಗೆ" ಅಂದರು.

ನಾನು ನಂಬಲಿಲ್ಲ. ಅವರು ಮೊದಲು ಒಂದು ಕಡೆ ಎಳೆದು ತೋರಿಸಿದರು. ನಿಂತಿದ್ದ ನೀರು ಒಂದು ಕ್ಷಣ ತಿರುಗಿ, ನೊರೆ ಕಟ್ಟಿ, ಸರ್ರನೆ ಆ ಕಡೆಗೆ ಇಳಿಯಿತು. ಆಮೇಲೆ ಮಣ್ಣು ಅಡ್ಡ ಹಾಕಿ ಇನ್ನೊಂದು ಕಡೆ ಬಿಡಿಸಿದರು. ಅದೇ ನೀರು ಈಗ ಈ ಕಡೆಗೆ. ಅಲ್ಲೇ ರಸ್ತೆ ಬದಿಯಲ್ಲಿ ಒಂದು ಕಲ್ಲಿನ ಗುರುತಿದೆ. ನಡುವೆ 'ರಿಡ್ಜ್', ಒಂದು ಬದಿಗೆ 'ಅರೇಬಿಯನ್ ಸೀ', ಇನ್ನೊಂದು ಬದಿಗೆ 'ಬೇ ಆಫ್ ಬೆಂಗಾಲ್' ಎಂದು ಇಂಗ್ಲಿಷಿನಲ್ಲಿ ಬರೆದಿದೆ. ಬ್ರಿಟಿಷರ ಕಾಲದ್ದು ಎನ್ನುತ್ತಾರೆ. ಆ ದಿನ ನನಗೆ ಅದನ್ನು ಓದಲು ಬರುತ್ತಿರಲಿಲ್ಲ. ಅಪ್ಪನಿಗೂ ಬರುತ್ತಿರಲಿಲ್ಲ. ಆದರೆ ಕಲ್ಲು ಏನು ಹೇಳುತ್ತದೆ ಎಂದು ಅವರಿಗೆ ಗುದ್ದಲಿಯಿಂದ ಗೊತ್ತಿತ್ತು.

ಈಗ ಬೆಂಗಳೂರಿನಿಂದಲೋ ಹಾಸನದಿಂದಲೋ ಪರಿಚಯದವರು ಫೋನ್ ಮಾಡಿ "ನಿಮ್ಮ ಕಡೆ ನೋಡೋಕೆ ಏನೇನಿದೆ?" ಎಂದು ಕೇಳಿದಾಗ ನಾನು ಮೊದಲು ಹೇಳುವುದು ಈ ದಿಣ್ಣೆಯನ್ನೇ. ಹೇಳಿದಾಗಲೆಲ್ಲ ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ "ಮತ್ತೆ ಫಾಲ್ಸ್ ಯಾವುದಿದೆ?" ಎನ್ನುತ್ತಾರೆ. ಬಂದವರೂ ಅಷ್ಟೆ, ಕಾರು ನಿಲ್ಲಿಸಿ ಕಲ್ಲಿನ ಪಕ್ಕ ನಿಂತು ಒಂದು ಫೋಟೊ ತೆಗೆದುಕೊಂಡು ಎರಡೇ ನಿಮಿಷದಲ್ಲಿ ಹೊರಟುಬಿಡುತ್ತಾರೆ. ನನಗೆ ಸಂಕಟವಾಗುತ್ತದೆ. ಆ ಜಾಗವನ್ನು ಬಿಸಿಲಿನಲ್ಲಿ ನೋಡಿದರೆ ಅಲ್ಲಿ ಕಾಣುವಂಥದ್ದು ನಿಜಕ್ಕೂ ಏನೂ ಇಲ್ಲ. ಮಳೆಗಾಲದಲ್ಲೇ ಬರಬೇಕು, ಕೊಡೆ ಮಡಚಿಟ್ಟು ಹತ್ತು ನಿಮಿಷ ನೆಲ ನೋಡುತ್ತಾ ನಿಲ್ಲಬೇಕು. ಮಳೆ ಇಲ್ಲದಿದ್ದರೆ ಒಂದು ಬಾಟಲಿ ನೀರನ್ನಾದರೂ ನಿಧಾನಕ್ಕೆ ಸುರಿದು ನೋಡಿ. ಮೊದಲು ಅಂಗೈಯಗಲ ಹರಡುತ್ತದೆ. ಧೂಳಿನ ಅಂಚು ಹೊತ್ತುಕೊಂಡು ಎರಡು ಬೆರಳು ಚಾಚುತ್ತದೆ. ಒಂದು ಬೆರಳು ಅಲ್ಲೇ ಇಂಗುತ್ತದೆ, ಇನ್ನೊಂದು ದಾರಿ ಹುಡುಕಿಕೊಂಡು ಮುಂದೆ ಹೋಗುತ್ತದೆ.

ಪಡುವಣಕ್ಕೆ ಇಳಿದ ನೀರು ಘಟ್ಟದ ಹಳ್ಳಗಳನ್ನು ಸೇರಿ ಕುಮಾರಧಾರೆಗೆ ಹೋಗುತ್ತದೆ. ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ ಮಂಗಳೂರಿನಲ್ಲಿ ಅರಬ್ಬೀ ಸಮುದ್ರ ಮುಟ್ಟುತ್ತದೆ. ಮೂಡಣಕ್ಕೆ ಹೋದ ನೀರಿನ ದಾರಿ ಬಲು ದೂರ. ಹೇಮಾವತಿ ಸೇರಬೇಕು, ಗೊರೂರಿನ ಅಣೆಕಟ್ಟೆಯಲ್ಲಿ ಕಾಯಬೇಕು, ಕನ್ನಂಬಾಡಿಯಲ್ಲಿ ಕಾವೇರಿಯೊಳಗೆ ಕರಗಬೇಕು, ಅಲ್ಲಿಂದ ಶಿವನಸಮುದ್ರ, ಹೊಗೇನಕಲ್, ಮೆಟ್ಟೂರು, ಶ್ರೀರಂಗ ದಾಟಿ ಪೂಂಪುಹಾರಿನ ಹತ್ತಿರ ಬಂಗಾಳ ಕೊಲ್ಲಿ. ದಾರಿಯುದ್ದಕ್ಕೂ ಗದ್ದೆಗೆ, ಕುಡಿಯುವುದಕ್ಕೆ ಎಂದು ಹಂಚಿಹೋಗಿ, ನಮ್ಮ ದಿಣ್ಣೆಯ ಹನಿ ಸಮುದ್ರದವರೆಗೂ ಹೋದರೆ ಅದೇ ದೊಡ್ಡದು. ಗೇಣಗಲದ ಮಣ್ಣಿನಲ್ಲಿ ಇದೆಲ್ಲ ತೀರ್ಮಾನವಾಗುತ್ತದಲ್ಲ ಎಂದು ಈ ವಯಸ್ಸಿನಲ್ಲೂ ನನಗೆ ಮೈ ಜುಮ್ಮೆನ್ನುತ್ತದೆ.

ಬರುವ ದಾರಿ ಸುಲಭ. ಸಕಲೇಶಪುರದಿಂದ ಹೆತ್ತೂರು, ವಣಗೂರು, ಮಂಕನಹಳ್ಳಿ, ಆಮೇಲೆ ಬಿಸಿಲೆ. ಹೆತ್ತೂರು ದಾಟುವವರೆಗೂ ಎರಡೂ ಕಡೆ ಕಾಫಿ ತೋಟ, ಸಿಲ್ವರ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಹಿಂದೆ ಈ ಸೀಮೆಯಲ್ಲಿ ಏಲಕ್ಕಿಯೇ ಹೆಚ್ಚಿತ್ತು. ಕಟ್ಟೆ ರೋಗ ಬಂದು ಮಲೆಗಳೇ ಬರಿದಾದವು ಎಂದು ಅಜ್ಜಿ ಹೇಳುತ್ತಿದ್ದಳು. ಸಂಜೆ ಮೇಲೆ ಆನೆಯ ಭಯವಿದೆ, ಕತ್ತಲಾಗುವ ಮೊದಲೇ ಊರು ಸೇರಿಕೊಳ್ಳುವುದು ಒಳ್ಳೆಯದು.

ಬಿಸಿಲೆಯಲ್ಲಿ ಅರಣ್ಯದಂಚಿಗೆ ಒಂದು ವೀಕ್ಷಣೆಯ ಜಾಗವಿದೆ. ಎಲ್ಲರೂ ಹೇಳುವ 'ಬ್ಯೂಟಿ ಸ್ಪಾಟ್' ಅದೇ. ಎದುರಿಗೆ ಕಣಿವೆ, ಆಚೆ ದೊಡ್ಡಬೆಟ್ಟ, ಏಣಿಕಲ್ಲು, 1712 ಮೀಟರ್ ಎತ್ತರದ ಪುಷ್ಪಗಿರಿ. ಹಾಸನ, ಕೊಡಗು, ದಕ್ಷಿಣ ಕನ್ನಡ ಮೂರು ಜಿಲ್ಲೆಗಳೂ ಇಲ್ಲಿ ಒಂದರ ಮಗ್ಗುಲಿಗೆ ಒಂದು ಕೂತಿವೆ. ಬುಡದಲ್ಲಿ ಗಿರಿಹೊಳೆ. ಬೇಸಿಗೆಯಲ್ಲಿ ಬೆಳ್ಳಿಯ ಎಳೆಯಷ್ಟೇ ಕಾಣುತ್ತದೆ, ಮಳೆಯಲ್ಲಿ ಕಾಣುವುದೇ ಇಲ್ಲ, ಸದ್ದು ಮಾತ್ರ ಮೇಲೆ ಬರುತ್ತದೆ. ಪುಷ್ಪಗಿರಿ ವನ್ಯಧಾಮ 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮ ಘಟ್ಟದ 39 ತಾಣಗಳಲ್ಲೊಂದು. ಆ ಸುದ್ದಿ ಬಂದಾಗ ಊರಿನಲ್ಲಿ ಇನ್ನು ಮನೆಗೆ ಹೆಂಚು ಹೊದಿಸಲೂ ಬಿಡುವುದಿಲ್ಲವಂತೆ ಎಂದು ಹೆದರಿದವರೇ ಹೆಚ್ಚು. ಆ ಹೆದರಿಕೆಯನ್ನು ನಾನು ತಪ್ಪು ಎನ್ನುವುದಿಲ್ಲ, ಕಾಡಿನ ಪಕ್ಕ ಬದುಕುವವರಿಗೆ ಯಾರೂ ಕೂತು ಬಿಡಿಸಿ ಹೇಳಿರಲಿಲ್ಲ.

ಬಿಸಿಲೆ ಎಂಬ ಹೆಸರಿದ್ದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲು ಕಾಣುವುದು ಅಪರೂಪ. ಒಮ್ಮೆ ನನ್ನ ಮಾತು ಕೇಳಿ ಪುನರ್ವಸು ಮಳೆಯಲ್ಲಿ ಎರಡು ಸಂಸಾರ ಬಂದವು. ವೀಕ್ಷಣೆಯ ಜಾಗದಲ್ಲಿ ನಿಂತರೆ ಮೂಗಿನ ಮುಂದೆ ಬಿಳಿ ಗೋಡೆ. ಒಂದೂವರೆ ಗಂಟೆ ಕಾದರೂ ಬೆಟ್ಟ ಮುಖ ತೋರಲಿಲ್ಲ. ಮಕ್ಕಳ ಕಾಲಿಗೆ ಜಿಗಣೆ ಹತ್ತಿ ರಕ್ತ ಕಂಡು ಅಳು. ಅವರು ಬೇಸರ ಮಾಡಿಕೊಂಡು ಹೋದರು. ನೋಡಲು ಬೆಟ್ಟವೇ ಬೇಕಿದ್ದರೆ ನವೆಂಬರ್, ಡಿಸೆಂಬರಿನಲ್ಲಿ ಬನ್ನಿ ಎಂದು ಮೊದಲೇ ಹೇಳಬೇಕಿತ್ತು, ತಪ್ಪು ನನ್ನದು. ಫೆಬ್ರವರಿ ಆದರೆ ಇನ್ನೊಂದು ಬಣ್ಣ. ಘಟ್ಟದಲ್ಲಿ ನಾಗಸಂಪಿಗೆ ಚಿಗುರುವ ಕಾಲ ಅದು. ಎಲೆ ಹಸಿರಾಗುವ ಮೊದಲು ಕೆಂಪಗಿರುತ್ತದೆ. ದೂರದಿಂದ ನೋಡಿದರೆ ಕಾಡಿನ ನಡುನಡುವೆ ಯಾರೋ ಕುಂಕುಮ ಚೆಲ್ಲಿದ ಹಾಗೆ.

ಬಿಸಿಲೆಯಿಂದ ಕುಳ್ಕುಂದಕ್ಕೆ ಇಳಿಯುವ ಘಾಟಿ ರಸ್ತೆಯ ಎರಡೂ ಕಡೆ ದಟ್ಟ ಕಾಡು. ಕಾಳಿಂಗ ಸರ್ಪ, ಸಿಂಗಳೀಕ ಇರುವ ಕಾಡು ಅದು. ಬೆತ್ತದ ಮುಳ್ಳು ರಸ್ತೆಗೆ ಚಾಚಿರುತ್ತದೆ, ಧೂಪದ ಮರ ತಲೆ ಎತ್ತಿದರೂ ಮುಗಿಯುವುದಿಲ್ಲ. ದಯವಿಟ್ಟು ಅಲ್ಲಿ ಹಾಡು ಹಾಕಬೇಡಿ, ತಿಂಡಿ ಪೊಟ್ಟಣ ಎಸೆಯಬೇಡಿ. ಆ ಪೊಟ್ಟಣಗಳು ಮೊದಲ ಮಳೆಗೆ ಬಂದು ಕೂರುವುದು ಚರಂಡಿ ಬಾಯಲ್ಲಿ. ನೀರು ರಸ್ತೆ ಹತ್ತಿತು ಎಂದರೆ ಮುಂದೆ ಕುಸಿಯುವುದು ಅದೇ ರಸ್ತೆ. 2018ರ ಆಗಸ್ಟಿನಲ್ಲಿ ಶಿರಾಡಿ ಘಾಟಿ ಕುಸಿದು, ಸಕಲೇಶಪುರ–ಸುಬ್ರಹ್ಮಣ್ಯ ರೈಲು ದಾರಿಯ ಮೇಲೆ ಗುಡ್ಡ ಬಿದ್ದು, ತಿಂಗಳುಗಟ್ಟಲೆ ರೈಲು ಓಡಲಿಲ್ಲ. ಟಿವಿಯಲ್ಲಿ ಅದನ್ನು ನೋಡುತ್ತಾ ಅಪ್ಪ, "ನೀರಿಗೆ ಜಾಗ ಬಿಟ್ಟಿದ್ರೆ ಇಷ್ಟು ಆಯ್ತಿರ್ಲಿಲ್ಲ ಕಣೋ" ಎಂದು ಪದೇ ಪದೇ ಹೇಳಿದರು. ಆ ರೈಲು ದಾರಿಯಲ್ಲಿ 57 ಸುರಂಗ, 109 ಸೇತುವೆ. ಹಗಲು ರೈಲಿನಲ್ಲಿ ಒಮ್ಮೆ ಹೋಗಿಬನ್ನಿ, ಅದರ ಬಗ್ಗೆ ಎಲ್ಲರೂ ಬರೆದಿದ್ದಾರೆ.

ಸಕಲೇಶಪುರದಿಂದ ಮಂಗಳೂರು ಹೆದ್ದಾರಿಯಲ್ಲಿ ಸ್ವಲ್ಪ ಮುಂದೆ ದೋಣಿಗಲ್ ಬಳಿ ಮಂಜರಾಬಾದ್ ಕೋಟೆ. ಟಿಪ್ಪು ಸುಲ್ತಾನ 1792ರಲ್ಲಿ ಕಟ್ಟಿಸಿದ್ದು, ಎಂಟು ಮೂಲೆಯ ನಕ್ಷತ್ರದ ಆಕಾರ, ಫ್ರೆಂಚರ ಕೋಟೆಗಳ ಮಾದರಿ. ನಕ್ಷತ್ರ ಕಾಣಬೇಕಾದರೆ ಆಕಾಶದಿಂದ ನೋಡಬೇಕು, ಒಳಗೆ ನಡೆಯುವವನಿಗೆ ಬರೀ ತಿರುವು ಸಿಕ್ಕುತ್ತದೆ. ನನಗೆ ಅಲ್ಲಿ ಬಹಳ ಇಷ್ಟವಾಗುವುದು ನಡುವಿನ ಕೊಳ. ನಾಲ್ಕು ಕಡೆಯಿಂದಲೂ ಮೆಟ್ಟಿಲು ಇಳಿಯುವ, ಕೂಡಿಸುವ ಚಿಹ್ನೆಯ ಹಾಗಿರುವ ಕೊಳ. ಅಲ್ಲಿಂದ ಪಶ್ಚಿಮಕ್ಕೆ ಹೆದ್ದಾರಿ ಘಾಟಿ ಇಳಿಯುತ್ತದೆ, ಪೂರ್ವಕ್ಕೆ ಹೇಮಾವತಿ ಹರಿಯುತ್ತದೆ. ಎರಡೂ ಕಡೆಗೆ ಓಡಿಹೋಗುವ ಮಳೆಯಲ್ಲಿ ಒಂದಿಷ್ಟನ್ನು ಆ ಕೋಟೆ ಹಿಡಿದಿಟ್ಟುಕೊಂಡಿದೆ. ಕೋಟೆ ಕಟ್ಟಿದವರಿಗೆ ಮದ್ದಿನಷ್ಟೇ ನೀರೂ ಮುಖ್ಯವಾಗಿತ್ತು.

ನೀರು ತಿರುಗಿಸುವ ಮಾತು ಬಂದಿದ್ದಕ್ಕೆ ಇನ್ನೊಂದನ್ನೂ ಹೇಳಬೇಕು. ನಮ್ಮ ತಾಲ್ಲೂಕಿನ ಎತ್ತಿನಹೊಳೆ, ಕಾಡುಮನೆ ಹೊಳೆ, ಕೇರಿಹೊಳೆ, ಹೊಂಗಡಹಳ್ಳ ಎಲ್ಲ ಪಡುವಣಕ್ಕೆ ಇಳಿಯುವ ನೀರು. ಅವಕ್ಕೆ ಅಡ್ಡಕಟ್ಟೆ ಹಾಕಿ, ಮಳೆಗಾಲದ ನೀರನ್ನು ಪಂಪಿನಿಂದ ಎತ್ತಿ, ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಊರುಗಳಿಗೆ ಒಯ್ಯುವ ಯೋಜನೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರಿನಲ್ಲಿ ಚಾಲನೆ ಸಿಕ್ಕಿತು. ಒಟ್ಟು 24.01 ಟಿಎಂಸಿ ಎಂದು ಲೆಕ್ಕ. ಕೋಲಾರದ ಕಡೆ ಬೋರ್‌ವೆಲ್ ಕೊರೆಸಿ ಸೋತು ಕೂತವರನ್ನು ನಾನು ಕಂಡಿದ್ದೇನೆ, ಅವರಿಗೆ ನೀರು ಬೇಡ ಎನ್ನುವ ಬಾಯಿ ನನಗಿಲ್ಲ. ಆದರೆ ಪೈಪು ಹೂಳಲು ಗುಡ್ಡ ಬಗೆದದ್ದನ್ನೂ ಕಂಡಿದ್ದೇನೆ. ಮಳೆಗಾಲದಲ್ಲಿ ಹೊಳೆ ಕೆಂಪಗೆ ಹರಿದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟ. ಹಳ್ಳದ ಪಕ್ಕ ಹುಟ್ಟಿದವನಿಗೆ ಎರಡೂ ನಿಜವೆನಿಸುತ್ತದೆ, ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯಲು ಆಗುತ್ತಿಲ್ಲ.

ಅಪ್ಪನಿಗೆ ಈಗ ಎಪ್ಪತ್ತೆಂಟು. ಮೊಣಕಾಲು ನೋವು, ಕೋಲು ಹಿಡಿದೇ ನಡೆಯಬೇಕು. ಕಳೆದ ಜುಲೈನಲ್ಲಿ ಒಂದು ದಿನ "ಮಂಕ್ನಳ್ಳಿ ತಂಕ ಹೋಗ್ಬರಣ" ಎಂದು ಅವರಾಗಿಯೇ ಕೇಳಿದರು. ಕಾರಿನಲ್ಲಿ ಕರೆದುಕೊಂಡು ಹೋದೆ. ಜಡಿಮಳೆ. ದಿಣ್ಣೆ ಮೇಲೆ ನಿಲ್ಲಿಸಿದರೆ ಬಾಗಿಲು ತೆಗೆದು ಇಳಿದೇಬಿಟ್ಟರು. ನಾನು ಕೊಡೆ ಹಿಡಿದು ಹಿಂದೆ ಓಡಿದೆ.

ಚರಂಡಿಗೆ ಎಲೆ ಕಟ್ಟಿಕೊಂಡಿತ್ತು. ನೀರು ರಸ್ತೆ ಅರ್ಧಕ್ಕೆ ಬಂದು ನಿಂತಿತ್ತು. ಅಪ್ಪ ಒಂದು ಕೈಯಲ್ಲಿ ನನ್ನ ತೋಳು ಹಿಡಿದು, ಇನ್ನೊಂದು ಕೈಯ ಕೋಲಿನಿಂದ ಎಲೆಯ ಗುಪ್ಪೆಯನ್ನು ಕೆದಕತೊಡಗಿದರು. ಒದ್ದೆ ಎಲೆ ಕೋಲಿನ ತುದಿಗೆ ಅಂಟಿಕೊಂಡು ಬರುತ್ತಿತ್ತು. ಕೊಡವಿ ಮತ್ತೆ ಕೆದಕಿದರು. ಮೂರನೇ ಸಲಕ್ಕೆ ಗುಪ್ಪೆ ಕಿತ್ತು ನೀರು ಸುತ್ತಿಕೊಂಡು ಹೊರಟಿತು.

"ಯಾವ ಕಡಿಕ್ಕೆ ಬಿಟ್ಟೆ ಅಪ್ಪ?"

ಅವರು ಬಗ್ಗಿ ನೋಡಿದರು. "ಕನ್ನಂಬಾಡಿಗೆ" ಅಂದರು. ಆಮೇಲೆ ಚರಂಡಿಯುದ್ದಕ್ಕೂ ಕಣ್ಣು ಹಾಯಿಸಿ, "ಮುಂದಕ್ಕೂ ಕಟ್ಟಿರ್ತದೆ. ಗುದ್ಲಿ ತಂದಿದ್ರೆ ಆಗಿತ್ತು" ಅಂದರು.

ಆ ವಾರದಿಂದ ನನ್ನ ಕಾರಿನ ಡಿಕ್ಕಿಯಲ್ಲಿ ಒಂದು ಗುದ್ದಲಿ ಇಟ್ಟುಕೊಂಡಿದ್ದೇನೆ.