ಫರಸಿ ಕಲ್ಲಿನ ಲೆಕ್ಕ

ಆರನೇ ಕ್ಲಾಸಿನ ಮಗಳ ತಕರಾರು ನನಗೂ ನ್ಯಾಯವೇ ಅನ್ನಿಸಿತು. 12 ಮತ್ತು 16ರ ಮಹತ್ತಮ ಸಾಮಾನ್ಯ ಅಪವರ್ತನ ಬರೀ 4. ಲಘುತ್ತಮ ಸಾಮಾನ್ಯ ಅಪವರ್ತ್ಯ ನೋಡಿದರೆ 48. ದೊಡ್ಡದು ಅಂದದ್ದು ಸಣ್ಣದಾಗಿದೆ, ಸಣ್ಣದು ಅಂದದ್ದು ದೊಡ್ಡದಾಗಿದೆ. ಇದೆಂಥ ಲೆಕ್ಕ?

ಪಟ್ಟಿ ಬರೆಯಲು ಹೇಳಿದೆ. 12ನ್ನು ಶೇಷವಿಲ್ಲದೆ ಭಾಗಿಸುವವು, ಅಂದರೆ ಅದರ ಅಪವರ್ತನಗಳು, 1, 2, 3, 4, 6, 12. 16ಕ್ಕೆ 1, 2, 4, 8, 16. ಎರಡರಲ್ಲೂ ಇರುವವು 1, 2, 4. ಇದರಲ್ಲಿ ಸಣ್ಣದು ಯಾವುದು ಅಂತ ಕೇಳಿ ಉಪಯೋಗವಿಲ್ಲ, ಯಾವ ಸಂಖ್ಯೆ ತಗೊಂಡರೂ ಉತ್ತರ 1 ತಾನೇ? ಅದಕ್ಕೇ ದೊಡ್ಡದನ್ನು ಕೇಳುತ್ತಾರೆ. ಅಪವರ್ತ್ಯ ಅಂದರೆ ಮಗ್ಗಿಯಲ್ಲಿ ಬರುವ ಸಂಖ್ಯೆ. ಆ ಕಡೆ ಬಂದರೆ 48, 96, 144 ಅಂತ ಇಬ್ಬರಿಗೂ ಸೇರಿದ್ದು ಬರುತ್ತಲೇ ಇರುತ್ತದೆ. ಕೊನೆಯೇ ಇಲ್ಲದ ಸಾಲಿನಲ್ಲಿ ದೊಡ್ಡದನ್ನು ಎಲ್ಲಿಂದ ತರೋದು? ಹಾಗಾಗಿ ಸಣ್ಣದು.

ನನಗೆ ಇದು ಗಟ್ಟಿಯಾಗಿ ತಲೆಗೆ ಕೂತದ್ದು ವಿಜಯಪುರದ ನಮ್ಮ ಹಳೇ ಮನೆಗೆ ಶಹಾಬಾದ್ ಫರಸಿ ಹಾಕಿಸುವಾಗ. ಪಡಸಾಲೆ 16 ಅಡಿ ಉದ್ದ, 10 ಅಡಿ ಅಗಲ. ಗೌಂಡಿ ಟೇಪು ಮಡಚುತ್ತಲೇ ಹೇಳಿದರು: "ಅಕ್ಕಾರ, ಎರಡ್ ಫೂಟಿನ ಕಲ್ಲು ತರಸ್ರಿ. ಒಂದೂ ಕಡ್ಯೂದು ಬ್ಯಾಡ." ಎಂಟು ಸಾಲು, ಸಾಲಿಗೆ ಐದು, ಒಟ್ಟು 40 ಕಲ್ಲು. ಕಡಿಯದೆ ಕೂರುವ ಅತಿ ದೊಡ್ಡ ಚೌಕ ಕಲ್ಲು ಅದೇ. 16 ಮತ್ತು 10ರ ಮಹತ್ತಮ ಸಾಮಾನ್ಯ ಅಪವರ್ತನವೂ 2 ತಾನೇ?

ಅಪವರ್ತನ ಬರೆಯದೆಯೂ ಆ 2 ಸಿಗುತ್ತದೆ. ಮಗಳ ಕೈಗೆ ಸೀಮೆಸುಣ್ಣ ಕೊಟ್ಟು ಅದೇ ನೆಲದ ಮೇಲೆ ಗೆರೆ ಎಳೆಸಿದೆ. ಮೊದಲು 10 ಅಡಿಯ ಚೌಕ. ಉಳಿದದ್ದು 6 ಅಡಿ, 10 ಅಡಿ. ಅದರಲ್ಲಿ 6 ಅಡಿಯ ಚೌಕ ತೆಗೆದರೆ 6 ಮತ್ತು 4. ಮತ್ತೆ 4ರ ಚೌಕ. ಕೊನೆಗೆ 4 ಮತ್ತು 2ರ ಪಟ್ಟಿ, ಅದರಲ್ಲಿ 2 ಅಡಿಯ ಎರಡು ಚೌಕ ಸರಿಯಾಗಿ ಕೂತವು. ಏನೂ ಉಳಿಯಲಿಲ್ಲ. ಗ್ರೀಕರ ಯೂಕ್ಲಿಡ್ ಕ್ರಿಸ್ತಪೂರ್ವ 300ರ ಸುಮಾರಿಗೆ ಬರೆದಿಟ್ಟ ದಾರಿ ಇದೇ: ದೊಡ್ಡದರಿಂದ ಸಣ್ಣದನ್ನು ಕಳೆಯುತ್ತ ಹೋಗು. 1001, 377 ಅಂತ ದೊಡ್ಡ ಸಂಖ್ಯೆ ಕೊಟ್ಟರೆ ಪಟ್ಟಿಗಿಂತ ಇದೇ ಸಲೀಸು. ಉತ್ತರ 13, ಮಾಡಿ ನೋಡಿ.

ಅಪವರ್ತ್ಯ ಸಿಕ್ಕಿದ್ದು ಬಚ್ಚಲುಮನೆಯಲ್ಲಿ. ಗೋಡೆಗೆ 12 ಇಂಚಿನ ಟೈಲ್, ನೆಲಕ್ಕೆ 16 ಇಂಚಿನದು. ಗೋಡೆಯ ಸಂದು, ನೆಲದ ಸಂದು ಒಂದಕ್ಕೊಂದು ಕೂಡುವುದು 48 ಇಂಚಿಗೊಮ್ಮೆ. ನಮ್ಮ ಗೋಡೆಯೇ ನಾಲ್ಕು ಅಡಿ! ಅಂದರೆ ಎರಡು ಮೂಲೆ ಬಿಟ್ಟರೆ ಎಲ್ಲೂ ಕೂಡಲ್ಲ. ಗೌಂಡಿಗೆ ಅದು ಕಣ್ಣಿಗೆ ಚುಚ್ಚುತ್ತಿತ್ತು. ನನಗೆ ಅಷ್ಟೇನೂ ಅನ್ನಿಸಲಿಲ್ಲ.

ಈ ಲಘುತ್ತಮ ಸಾಮಾನ್ಯ ಅಪವರ್ತ್ಯ ನಮ್ಮ ಕಡೆಯವರಿಗೆ ಹೊಸದೇನಲ್ಲ. ರಾಷ್ಟ್ರಕೂಟರ ಅಮೋಘವರ್ಷನ ಕಾಲದಲ್ಲಿ, 9ನೇ ಶತಮಾನದಲ್ಲಿ, ಗಣಿತಜ್ಞ ಮಹಾವೀರಾಚಾರ್ಯ ಅದನ್ನು 'ನಿರುದ್ಧ' ಅಂತ ಕರೆದು, ಭಿನ್ನರಾಶಿ ಕೂಡಿಸಲು ಬಳಸಿದ. 1/12ಕ್ಕೆ 1/16 ಕೂಡಿಸಬೇಕೆನ್ನಿ. 48 ಹಿಡಿದರೆ 4/48, 3/48, ಕೂಡಿಸಿದರೆ 7/48. ಮಗಳ ಹಾಗೆ ಕೆಳಗಿನವೆರಡನ್ನೂ ಗುಣಿಸಿ 192 ಹಿಡಿದರೆ 28/192 ಬರುತ್ತದೆ. ತಪ್ಪೇನಿಲ್ಲ. ಆಮೇಲೆ ಮೇಲೂ ಕೆಳಗೂ 4ರಿಂದ ಭಾಗಿಸುವ ಕೆಲಸ ಜಾಸ್ತಿ, ಅಷ್ಟೇ.