ಫೋನ್ ಇದ್ದರೂ ಗೈಡ್ ಪುಸ್ತಕ ಯಾಕೆ ಅಂತ ಕೇಳುವವರಿಗೆ

ಯಾವುದಾದರೂ ಊರು ಸುತ್ತಿ ಬಂದಾಗಲೆಲ್ಲ ಈ ಪ್ರಶ್ನೆ ತಪ್ಪಿದ್ದಲ್ಲ. "ಟೂರ್ ಕಂಪನಿಯೂ ಇಲ್ಲ, ಗೈಡೂ ಇಲ್ಲ, ಅಲ್ಲಿನ ಭಾಷೆಯೂ ಬರಲ್ಲ. ಬರೀ ಒಂದು ಪುಸ್ತಕ ಹಿಡ್ಕೊಂಡು ಹೇಗೆ ಸುತ್ತುತ್ತೀರಿ? ಅದೂ ಎಲ್ಲ ಫೋನ್‌ನಲ್ಲೇ ಸಿಗುವಾಗ?"

ಫೋನ್ ನನ್ನ ಹತ್ತಿರವೂ ಇದೆ. ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತದೆ. ಆದರೆ ಹೊಸ ಊರಲ್ಲಿ ಏನು ಕೇಳಬೇಕು ಅನ್ನೋದೇ ಗೊತ್ತಿರುವುದಿಲ್ಲ, ಅಲ್ವಾ? ನನಗೆ ಇದು ಸರಿಯಾಗಿ ಮನದಟ್ಟಾಗಿದ್ದು ಟರ್ಕಿಯ ಇಸ್ತಾಂಬುಲ್‌ನಲ್ಲಿ.

ಅಲ್ಲಿ ಎಮಿನೋನು ಅಂತ ಒಂದು ಕಡೆ ಇದೆ. ಫೆರಿಗಳು ಬಂದು ನಿಲ್ಲುವ ಜಾಗ. ಹತ್ತಿರದಲ್ಲೇ ಮಸಾಲೆ ಬಜಾರ್. ಎಲ್ಲರೂ ಅದರೊಳಗೆ ನುಗ್ಗುತ್ತಾರೆ. ಪಕ್ಕದಲ್ಲಿ ಒಂದು ಇಕ್ಕಟ್ಟಾದ ಬೀದಿ, ಹಸಿರ್ಜಿಲಾರ್. ಚಾಪೆ ಹೆಣೆಯುವವರ ಬೀದಿ ಅಂತ ಅರ್ಥ. ಈಗ ಅಲ್ಲಿ ಕಾಫಿಪುಡಿ, ಪಾತ್ರೆ, ಹಗ್ಗ, ಮರದ ಸೌಟು, ಪ್ಲಾಸ್ಟಿಕ್ ಡಬ್ಬಿ ಏನು ಬೇಕಾದರೂ ಸಿಗುತ್ತದೆ. ಪುಸ್ತಕದಲ್ಲಿ ಎರಡೇ ಸಾಲು ಇತ್ತು: ಅಂಗಡಿಗಳ ಮಧ್ಯೆ ಒಂದು ಬಾಗಿಲಿದೆ, ಒಳಗೆ ಮೆಟ್ಟಿಲಿದೆ, ಹತ್ತಿ.

ಎರಡು ಸಲ ಅದರ ಮುಂದೆಯೇ ಹಾದುಹೋದೆ. ಮೂರನೇ ಸಲ ಸಿಕ್ಕಿತು. ಕತ್ತಲೆ ಕತ್ತಲೆಯಾದ ಕಲ್ಲಿನ ಮೆಟ್ಟಿಲು. ಹತ್ತಿ ಮೇಲೆ ಬಂದರೆ, ಸಂತೆಯ ಗದ್ದಲವೆಲ್ಲ ಕಾಲ ಕೆಳಗೆ ಉಳಿದುಹೋಗಿತ್ತು. ಅಂಗಡಿಗಳ ತಲೆಯ ಮೇಲೆ ಒಂದು ಅಂಗಳ, ಅಂಗಳದಲ್ಲಿ ರುಸ್ತಮ್ ಪಾಷಾ ಮಸೀದಿ. ಆಟೊಮನ್ ಸುಲ್ತಾನ್ ಸುಲೈಮಾನನ ಅಳಿಯ ಮತ್ತು ವಜೀರನ ಹೆಸರಿನದು. ಕಟ್ಟಿದವನು ಆಸ್ಥಾನದ ವಾಸ್ತುಶಿಲ್ಪಿ ಸಿನಾನ್, 1560ರ ದಶಕದಲ್ಲಿ. ಒಳಗೆ ಗೋಡೆ, ಕಂಬ ಎಲ್ಲ ಕಡೆ ಇಜ್ನಿಕ್ ಅನ್ನುವ ಊರಿನ ಟೈಲ್ಸ್. ನೀಲಿ ಹೂಗಳು, ಟುಲಿಪ್‌ಗಳು, ಮಧ್ಯೆ ಮಧ್ಯೆ ಟೊಮೆಟೊ ಕೆಂಪು. ಆ ಕೆಂಪು ಬಣ್ಣ ಮಾತ್ರ ಸ್ವಲ್ಪ ಉಬ್ಬಿಕೊಂಡಿರುತ್ತದೆ, ಪಕ್ಕದಿಂದ ಓರೆಯಾಗಿ ನೋಡಿದರೆ ಕಾಣುತ್ತದೆ. ಇದನ್ನೂ ಪುಸ್ತಕವೇ ಹೇಳಿದ್ದು. ಮಸೀದಿ ಯಾಕೆ ಮಹಡಿಯ ಮೇಲೆ ಅನ್ನುವುದನ್ನೂ ಅದೇ ಹೇಳಿತು: ಕೆಳಗಿನ ಅಂಗಡಿಗಳ ಬಾಡಿಗೆಯಿಂದಲೇ ಮಸೀದಿಯ ಖರ್ಚು ನಡೆಯಲಿ ಅಂತ.

ಇದನ್ನು ನಾನು ಫೋನ್‌ನಲ್ಲಿ ಏನಂತ ಹುಡುಕಬೇಕಿತ್ತು ಹೇಳಿ?

ಇನ್ನು ಹೇಗೆ ಬಳಸುತ್ತೇನೆ ಅನ್ನೋದು. ನಿಂತ ಜಾಗದಲ್ಲಿ ಪುಸ್ತಕ ಬಿಚ್ಚಿ ಓದುವುದು ಕಡಿಮೆ. ನಡುರಸ್ತೆಯಲ್ಲಿ ಪುಸ್ತಕ ಬಿಚ್ಚಿದರೆ ಕಾರ್ಪೆಟ್ ಅಂಗಡಿಯವರಿಗೆ ನಾವೇ ಕೈಬೀಸಿ ಕರೆದ ಹಾಗೆ. ಹಿಂದಿನ ರಾತ್ರಿ ರೂಮಿನಲ್ಲಿ ಕೂತು ಓದುತ್ತೇನೆ, ಪೆನ್ ಹಿಡಿದು. ಮೊದಲು ನೋಡುವುದು ರಜೆಯ ದಿನ. ತೋಪ್‌ಕಾಪಿ ಅರಮನೆ ಮಂಗಳವಾರ ತೆರೆಯುವುದಿಲ್ಲ, ಗ್ರ್ಯಾಂಡ್ ಬಜಾರ್ ಭಾನುವಾರ ಇಲ್ಲ. ಇಷ್ಟು ಗೊತ್ತಾದರೆ ಅರ್ಧ ಪ್ಲಾನ್ ಮುಗಿದ ಹಾಗೆ. ಆಮೇಲೆ ಒಂದು ದಿನಕ್ಕೆ ಒಂದೇ ಏರಿಯಾ. ಅಲ್ಲಿ ಇಪ್ಪತ್ತು ಜಾಗ ಕೊಟ್ಟಿದ್ದರೆ ಹದಿನೇಳನ್ನು ಹೊಡೆದುಹಾಕುತ್ತೇನೆ. ಎಲ್ಲ ನೋಡಿಬಿಡಬೇಕು ಅಂತ ಹೊರಟವರು ಸಂಜೆಗೆ ಕಾಲು ನೋವು ಬಿಟ್ಟು ಬೇರೇನೂ ತರುವುದಿಲ್ಲ.

ಬೆಳಿಗ್ಗೆ ಆ ಏರಿಯಾದ ಪುಟಗಳನ್ನಷ್ಟೇ ಹರಿದು ಜೇಬಿಗೆ ಹಾಕಿಕೊಳ್ಳುತ್ತೇನೆ. ಹೌದು, ಹರಿಯುತ್ತೇನೆ. ಬೈಯುವವರು ಬೈಯಲಿ, ಆ ದಪ್ಪ ಪುಸ್ತಕವನ್ನು ದಿನವಿಡೀ ಹೊರುವವಳು ನಾನು.

ದಾರಿಗೆ ಮಾತ್ರ ಫೋನೇ ಸರಿ. ಪುಸ್ತಕದ ನಕ್ಷೆಯಲ್ಲಿ ಏರು ಇಳಿಜಾರು ಕಾಣುವುದಿಲ್ಲ. ಗಲಾಟಾ ಸೇತುವೆಯಿಂದ ಗಲಾಟಾ ಗೋಪುರಕ್ಕೆ ನಕ್ಷೆಯಲ್ಲಿ ಒಂದು ಬೆರಳಿನಷ್ಟು ದೂರ. ಹತ್ತುವಾಗ ಗೊತ್ತಾಗುತ್ತದೆ ಅದು ಎಂಥ ಬೆರಳು ಅಂತ.

ಪುಸ್ತಕ ನಂಬಿ ಕೆಟ್ಟದ್ದೂ ಇದೆ. ನನ್ನದು ಸೆಕೆಂಡ್ ಹ್ಯಾಂಡ್, ಹಳೆಯ ಎಡಿಷನ್. ಹಾಗಿಯಾ ಸೋಫಿಯಾ ಮ್ಯೂಸಿಯಂ ಅಂತ ಅದರಲ್ಲಿತ್ತು. ಅದು 537ರಲ್ಲಿ ಚರ್ಚ್ ಆಗಿ ಶುರುವಾಗಿ, 1453ರಲ್ಲಿ ಮಸೀದಿಯಾಗಿ, 1930ರ ದಶಕದಲ್ಲಿ ಮ್ಯೂಸಿಯಂ ಆಗಿದ್ದು ನಿಜವೇ. 2020ರಲ್ಲಿ ಮತ್ತೆ ಮಸೀದಿಯಾಗಿದ್ದು ನನ್ನ ಪುಸ್ತಕಕ್ಕೆ ಗೊತ್ತಿರಲಿಲ್ಲ. ನಾನು ಹೋಗಿದ್ದು ಶುಕ್ರವಾರ ಮಧ್ಯಾಹ್ನ, ಸರಿಯಾಗಿ ನಮಾಜಿನ ಹೊತ್ತಿಗೆ. ತಲೆಗೆ ಹೊದೆಯಲು ಸ್ಕಾರ್ಫ್ ಕೂಡ ಇರಲಿಲ್ಲ. ಪೇಪರ್ ಓದಿದ್ದರೆ ಸಾಕಿತ್ತು, ಪುಸ್ತಕವನ್ನು ಬೈದು ಏನು ಪ್ರಯೋಜನ! ಹತ್ತಿರದಲ್ಲೇ ನೆಲದಡಿಯ ಹಳೇ ನೀರಿನ ತೊಟ್ಟಿ, ಬೆಸಿಲಿಕಾ ಸಿಸ್ಟರ್ನ್ ಇದೆಯಲ್ಲ, ಅದಕ್ಕೆ ಇಳಿದೆ. 336 ಕಂಬಗಳು. ಮೂಲೆಯ ಎರಡು ಕಂಬಗಳ ಬುಡದಲ್ಲಿ ಗ್ರೀಕ್ ಪುರಾಣದ ಹಾವುಗೂದಲಿನ ಮೆಡುಸಾಳ ತಲೆಗಳು, ಒಂದು ತಲೆಕೆಳಗು, ಇನ್ನೊಂದು ಅಡ್ಡ. ಹೊರಗೆ ಬರಲು ಮನಸ್ಸಾಗಲಿಲ್ಲ.

ಹಾಗಾಗಿ ಈಗ ಕೊಳ್ಳುವಾಗ ಮೊದಲು ಅಚ್ಚಾದ ವರ್ಷ ನೋಡುತ್ತೇನೆ. ಟಿಕೆಟ್ ದರ, ಸಮಯ, ಬಸ್ ನಂಬರ್ ಎಲ್ಲ ಫೋನ್‌ನಲ್ಲಿ. ಕತೆ, ಕಾರಣ, ಯಾವ ಬಾಗಿಲು ತಳ್ಳಬೇಕು ಅನ್ನುವುದು ಪುಸ್ತಕದಲ್ಲಿ.

ಅಂದ ಹಾಗೆ ಇದೇನು ನನ್ನ ಹೊಸ ಹುಚ್ಚಲ್ಲ. 19ನೇ ಶತಮಾನದಲ್ಲೇ ಜರ್ಮನಿಯ ಕಾರ್ಲ್ ಬೆಡೆಕರ್ ಕೈಯಲ್ಲಿ ಹಿಡಿಯುವಂಥ ಗೈಡ್ ಪುಸ್ತಕ ಅಚ್ಚು ಹಾಕಿಸಿದ. ಪ್ರವಾಸಿ ಬಾಡಿಗೆ ಗೈಡುಗಳ, ಹೋಟೆಲ್ಲಿನವರ ಹಂಗಿಲ್ಲದೆ ತಿರುಗಲಿ ಅನ್ನುವುದೇ ಅವನ ಉದ್ದೇಶ. ನೋಡಲೇಬೇಕಾದ್ದಕ್ಕೆ ನಕ್ಷತ್ರ ಹಾಕುತ್ತಿದ್ದ. ನಕ್ಷತ್ರ ಇದ್ದಲ್ಲಿ ಕ್ಯೂ ಇರುತ್ತದೆ, ಅದಕ್ಕೇ ನಾನು ಅಲ್ಲಿಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ ನಿಲ್ಲುತ್ತೇನೆ.

ಇಸ್ತಾಂಬುಲ್‌ಗೆ ಹೊರಟವರು ಪುಸ್ತಕ ಕೊಡ್ತೀರಾ ಅಂತಲೂ ಕೇಳುತ್ತಾರೆ. ಹರಿದ ಪುಟಗಳಿಗೆ ರಬ್ಬರ್ ಬ್ಯಾಂಡ್ ಹಾಕಿ ಇಟ್ಟಿದ್ದೇನೆ, ಧಾರಾಳವಾಗಿ ಕೊಡುತ್ತೇನೆ. ಆ ಎರಡು ಸಾಲಿನ ಪಕ್ಕದಲ್ಲಿ ಪೆನ್ನಿನಲ್ಲಿ ಒಂದು ಗೀಚು ಇದೆ, ಅದು ನನ್ನದು: "ಹಗ್ಗದ ಅಂಗಡಿ ದಾಟಿದ ತಕ್ಷಣ. ತಲೆ ಜೋಪಾನ."